ಯಾವ ಏರ್‌ಲೈನ್ ಸೇಫ್? ಎಷ್ಟು ಅಪಘಾತ ಅಂತ ಎಣಿಸಿದರೆ ಉತ್ತರ ಸಿಗುವುದಿಲ್ಲ

"ಯಾವ ಫ್ಲೈಟ್‌ಗೆ ಟಿಕೆಟ್ ಮಾಡಿಸಿದರೆ ಒಳ್ಳೆಯದು? ಯಾವುದು ಸೇಫ್?"

2025ರ ಜೂನ್ 12ರಂದು ಅಹ್ಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಪತನವಾದ ಮೇಲೆ ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಎದ್ದಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕಿದರು. ನೆಲದ ಮೇಲಿದ್ದವರನ್ನೂ ಸೇರಿಸಿದರೆ ಸತ್ತವರು 260. ಆ ದೃಶ್ಯ ನೋಡಿದವರಿಗೆ ಹೆದರಿಕೆ ಆಗದೆ ಇರಲಿಕ್ಕಿಲ್ಲ. ನಮ್ಮ ಕರಾವಳಿಯವರಿಗಂತೂ ಇದು ಟಿವಿಯಲ್ಲಿ ನೋಡಿ ಮರೆಯುವ ಸುದ್ದಿ ಅಲ್ಲ. 2010ರ ಮೇ 22ರ ಬೆಳಗ್ಗೆ ಬಜ್ಪೆಯಲ್ಲಿ ದುಬೈಯಿಂದ ಬಂದ ವಿಮಾನ ಕಣಿವೆಗೆ ಬಿದ್ದು 158 ಮಂದಿ ತೀರಿಹೋದರು. ಮಂಗಳೂರು, ಕಾಸರಗೋಡು, ಭಟ್ಕಳದ ಎಷ್ಟೋ ಮನೆಗಳಲ್ಲಿ ಆ ತಾರೀಖು ಇವತ್ತಿಗೂ ಭಾರವಾಗಿಯೇ ಉಂಟು.

ಹಾಗಾಗಿ ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ವಾಟ್ಸಾಪಿನಲ್ಲಿ ಬರುವ ಉತ್ತರಗಳು ಹೆಚ್ಚಾಗಿ ದಾರಿ ತಪ್ಪಿಸುತ್ತವೆ. "ಇಂಥ ಏರ್‌ಲೈನ್‌ಗೆ ಇಷ್ಟು ಅಪಘಾತ, ಇಂಥದ್ದಕ್ಕೆ ಸೊನ್ನೆ, ಆದ್ದರಿಂದ ಇದರಲ್ಲೇ ಹೋಗಿ" ಎನ್ನುವ ಪಟ್ಟಿಗಳನ್ನು ನೀವೂ ನೋಡಿರಬಹುದು. ಆ ಲೆಕ್ಕದಲ್ಲಿ ತಪ್ಪು ಎಲ್ಲಿ, ಸರಿಯಾಗಿ ಹೋಲಿಸುವುದು ಹೇಗೆ, ಒಂದು ಏರ್‌ಲೈನಿನ ಬಗ್ಗೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ನೋಡೋಣ.

ಎಣಿಸಿದರೆ ಸಾಲದು, ಭಾಗಿಸಬೇಕು

ತಲಪಾಡಿ ರೂಟಿನಲ್ಲಿ ಒಬ್ಬರದ್ದು ಒಂದೇ ಬಸ್ಸು, ಇನ್ನೊಬ್ಬರದ್ದು ಐವತ್ತು ಬಸ್ಸು ಅಂತ ಇಟ್ಟುಕೊಳ್ಳಿ. ಹತ್ತು ವರ್ಷದಲ್ಲಿ ಒಂದು ಬಸ್ಸಿನವರಿಗೆ ಒಂದು ಅಪಘಾತ, ಐವತ್ತು ಬಸ್ಸಿನವರಿಗೆ ಐದು ಅಪಘಾತ. ಯಾರ ಬಸ್ಸು ಹೆಚ್ಚು ಸೇಫ್? ಬರೀ ಎಣಿಸಿದರೆ ಒಂದು ಬಸ್ಸಿನವರು ಒಳ್ಳೆಯವರಾಗಿ ಕಾಣ್ತಾರೆ. ಬಸ್ಸಿನ ಸಂಖ್ಯೆಯಿಂದ ಭಾಗಿಸಿದರೆ ಕಥೆ ತಿರುಗಿ ನಿಲ್ತದೆ. ಐವತ್ತು ಬಸ್ಸಿನವರ ಒಂದೊಂದು ಬಸ್ಸಿಗೆ ಬರುವ ಅಪಾಯ ಇವರದ್ದರ ಹತ್ತನೇ ಒಂದು ಭಾಗ ಮಾತ್ರ.

ವಿಮಾನಕ್ಕೂ ಇದೇ ಲೆಕ್ಕ. ಅಪಘಾತಗಳ ಸಂಖ್ಯೆಯನ್ನು ಒಟ್ಟು ಹಾರಾಟಗಳ ಸಂಖ್ಯೆಯಿಂದ ಭಾಗಿಸಬೇಕು. ಹಾರಿದ ಕಿಲೋಮೀಟರಿನಿಂದ ಭಾಗಿಸುವವರೂ ಇದ್ದಾರೆ. ಆದರೆ ಹೆಚ್ಚಿನ ಅಪಘಾತಗಳು ಆಗುವುದು ಏರುವಾಗ, ಇಳಿಯುವಾಗ. ಸಮುದ್ರದ ಮೇಲೆ ನಾಲ್ಕು ಗಂಟೆ ನೆಟ್ಟಗೆ ಹಾರುವಾಗ ಅಪಾಯ ತೀರಾ ಕಡಿಮೆ. ಹಾಗಾಗಿ ಹಾರಾಟದ ಲೆಕ್ಕವೇ ಹೆಚ್ಚು ಸರಿ. ಇದರಿಂದ ಪ್ರಯಾಣಿಕರಿಗೆ ಒಂದು ಸಣ್ಣ ಪ್ರಯೋಜನವೂ ಉಂಟು: ನೇರ ವಿಮಾನದಲ್ಲಿ ಒಂದು ಸಲ ಏರಿ ಒಂದು ಸಲ ಇಳಿಯುತ್ತೀರಿ. ನಡುವೆ ಇಳಿದು ಬೇರೆ ವಿಮಾನ ಹತ್ತಿದರೆ ಎರಡೆರಡು ಸಲ.

ಈಗ ಅಂಕಿ ನೋಡಿ. ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಸಂಘಟನೆ ಐಎಟಿಎ ಕೊಟ್ಟ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ 4.06 ಕೋಟಿ ಹಾರಾಟ ನಡೆದವು. ಅವುಗಳಲ್ಲಿ ಪ್ರಾಣಹಾನಿಯ ಅಪಘಾತ 7, ವಿಮಾನದಲ್ಲಿದ್ದು ಸತ್ತವರು 244. ಹಿಂದಿನ ವರ್ಷ, 2023ರಲ್ಲಿ, 3.77 ಕೋಟಿ ಹಾರಾಟದಲ್ಲಿ ಇಂತಹ ಅಪಘಾತ ಆದದ್ದು ಒಂದೇ ಒಂದು. ಅದು ನೇಪಾಳದ ಪೋಖರಾದಲ್ಲಿ 72 ಮಂದಿಯನ್ನು ಬಲಿ ತೆಗೆದುಕೊಂಡ ಅಪಘಾತ. ಕೆಟ್ಟ ವರ್ಷ ಎನಿಸಿದ 2024ನ್ನೇ ಹಿಡಿದರೂ ಸುಮಾರು 58 ಲಕ್ಷ ಹಾರಾಟಕ್ಕೆ ಒಂದು ಅಪಘಾತ ಆಯಿತು.

ರಸ್ತೆಯ ಲೆಕ್ಕವನ್ನೂ ಪಕ್ಕದಲ್ಲಿ ಇಡಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸರಾಸರಿ 460ಕ್ಕಿಂತ ಹೆಚ್ಚು. ಇದು ಕೇಂದ್ರ ಸರಕಾರದ್ದೇ ಅಂಕಿ. ಊರಿನಿಂದ ದುಬೈಗೆ ಹೋಗುವವರಿಗೆ ದಾರಿಯ ಅತ್ಯಂತ ಅಪಾಯದ ಭಾಗ ಮನೆಯಿಂದ ಏರ್‌ಪೋರ್ಟಿಗೆ ಹೋಗುವ ಕಾರಿನದ್ದೇ.

ಸೊನ್ನೆ ಕಂಡರೆ ಮರುಳಾಗಬೇಡಿ

"ಈ ಏರ್‌ಲೈನ್‌ನಲ್ಲಿ ಈವರೆಗೆ ಒಬ್ಬರೂ ಸತ್ತಿಲ್ಲ" ಎಂದರೆ ಕೇಳಲಿಕ್ಕೆ ಸಮಾಧಾನ. ಆದರೆ ಆ ಸೊನ್ನೆಗೆ ಎಷ್ಟು ಬೆಲೆ ಎಂಬುದು ಅವರು ಎಷ್ಟು ಹಾರಿದ್ದಾರೆ ಎಂಬುದರ ಮೇಲೆ ನಿಂತಿದೆ.

ದಿನಕ್ಕೆ 50 ಹಾರಾಟ ನಡೆಸುವ ಒಂದು ಸಣ್ಣ ಏರ್‌ಲೈನ್ ಇದೆ ಅಂತ ತಿಳಿಯಿರಿ. ವರ್ಷಕ್ಕೆ 18,250 ಹಾರಾಟ. ಅವರು 58 ಲಕ್ಷ ಹಾರಾಟ ಮುಗಿಸಬೇಕಾದರೆ ಸುಮಾರು 318 ವರ್ಷ ಬೇಕು! ಅಂದರೆ ಜಗತ್ತಿನ ಸರಾಸರಿ ಮಟ್ಟದ ಏರ್‌ಲೈನ್ ಆದರೂ ಅದು ಹತ್ತಿಪ್ಪತ್ತು ವರ್ಷ ಅಪಘಾತ ಇಲ್ಲದೆ ನಡೆಯುವುದು ದೊಡ್ಡ ಸಂಗತಿ ಏನಲ್ಲ. ಅದು ನಡೆಯುವುದೇ ಹಾಗೆ.

ಸಂಖ್ಯಾಶಾಸ್ತ್ರದವರು ಇದಕ್ಕೆ ಒಂದು ಸುಲಭ ಸೂತ್ರ ಹೇಳ್ತಾರೆ. ಒಂದು ಕೆಲಸವನ್ನು ಎಷ್ಟೋ ಸಲ ಮಾಡಿ ಒಮ್ಮೆಯೂ ತಪ್ಪಾಗದಿದ್ದರೆ, ಅದರ ನಿಜವಾದ ಅಪಾಯ "ಅಷ್ಟು ಸಲಕ್ಕೆ 3"ಕ್ಕಿಂತ ಕಡಿಮೆ ಎಂದು ಮಾತ್ರ ಧೈರ್ಯದಿಂದ ಹೇಳಬಹುದು. ನಮ್ಮ ಸಣ್ಣ ಏರ್‌ಲೈನ್ ಐದೂವರೆ ವರ್ಷದಲ್ಲಿ ಒಂದು ಲಕ್ಷ ಹಾರಾಟ ಮುಗಿಸಿ ಸೊನ್ನೆ ಅಪಘಾತ ಉಳಿಸಿಕೊಂಡರೆ, "ಲಕ್ಷಕ್ಕೆ ಮೂರಕ್ಕಿಂತ ಕಡಿಮೆ" ಅನ್ನಬಹುದು, ಅಷ್ಟೆ. ಜಗತ್ತಿನ ಸರಾಸರಿ 58 ಲಕ್ಷಕ್ಕೆ ಒಂದು. ಅಂದರೆ ಆ ಏರ್‌ಲೈನ್ ಸರಾಸರಿಗಿಂತ ನೂರು ಪಟ್ಟು ಕೆಟ್ಟದಾಗಿದ್ದರೂ ಸೊನ್ನೆಯನ್ನು ನೋಡಿ ನಮಗೆ ಗೊತ್ತಾಗಲಿಕ್ಕಿಲ್ಲ.

ಕಾಂಕಾರ್ಡ್ ವಿಮಾನದ ಕಥೆ ಇದಕ್ಕೆ ಸಾಕ್ಷಿ. 1976ರಿಂದ ಪ್ರಯಾಣಿಕರನ್ನು ಹೊತ್ತು ಹಾರಿದ ಅದಕ್ಕೆ 24 ವರ್ಷ ಒಂದೂ ಪ್ರಾಣಹಾನಿ ಇರಲಿಲ್ಲ. ಅತ್ಯಂತ ಸುರಕ್ಷಿತ ವಿಮಾನಗಳ ಸಾಲಿನಲ್ಲಿ ಅದರ ಹೆಸರಿತ್ತು. 2000ದ ಜುಲೈ 25ರಂದು ಪ್ಯಾರಿಸಿನಲ್ಲಿ ಒಂದು ವಿಮಾನ ಬಿದ್ದು 113 ಮಂದಿ ಸತ್ತರು. ಅದು ಹಾರಿದ್ದೇ ಕಡಿಮೆ ಆದ ಕಾರಣ, ಹಾರಾಟದ ಲೆಕ್ಕದಲ್ಲಿ ಒಂದೇ ದಿನಕ್ಕೆ ಕಾಂಕಾರ್ಡ್ ಪಟ್ಟಿಯ ತುದಿಯಿಂದ ಬುಡಕ್ಕೆ ಬಿತ್ತು. ಹಿಂದಿನ ದಿನಕ್ಕೂ ಮರುದಿನಕ್ಕೂ ಆ ಯಂತ್ರ ಬದಲಾಗಿರಲಿಲ್ಲ.

ದಕ್ಷಿಣ ಕೊರಿಯಾದ ಜೆಜು ಏರ್ ಕೂಡ ಹಾಗೆಯೇ. 2005ರಲ್ಲಿ ಹುಟ್ಟಿದ ಆ ಕಂಪೆನಿಗೆ ಪ್ರಾಣಹಾನಿಯ ದಾಖಲೆ ಇರಲಿಲ್ಲ. 2024ರ ಡಿಸೆಂಬರ್ 29ರಂದು ಮುವಾನ್ ಏರ್‌ಪೋರ್ಟಿನಲ್ಲಿ 181 ಮಂದಿಯಲ್ಲಿ 179 ಮಂದಿ ಸತ್ತರು.

ಅಪಘಾತದ ಹಿಂದೆ ಯಾರ ತಪ್ಪು?

ಇನ್ನೊಂದು ತೊಡಕು ಉಂಟು. ಪಟ್ಟಿಯಲ್ಲಿ ಎಲ್ಲ ಸಾವೂ ಒಂದೇ ತರ ಕಾಣ್ತದೆ. ಕಾರಣ ನೋಡಿದರೆ ಬೇರೆ ಬೇರೆ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಆಕಾಶದಲ್ಲೇ ಎರಡು ವಿಮಾನ ಡಿಕ್ಕಿಯಾಗಿ 349 ಮಂದಿ ಸತ್ತರು. ದಿಲ್ಲಿಯಿಂದ ಹೊರಟ ಸೌದಿಯಾ ವಿಮಾನದಲ್ಲೇ 312 ಮಂದಿ ಇದ್ದರು. ಅದರಲ್ಲಿ ಗಲ್ಫಿಗೆ ದುಡಿಯಲು ಹೊರಟ ಬಡವರೇ ಹೆಚ್ಚು. ತನಗೆ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿದದ್ದು ಎದುರಿನಿಂದ ಬಂದ ಕಜಾಕಿಸ್ತಾನದ ವಿಮಾನ. ಆದರೆ ಪಟ್ಟಿ ಮಾಡುವಾಗ ಆ 312 ಸಾವು ಸೌದಿಯಾದ ಖಾತೆಗೂ ಬರುತ್ತದೆ.

2014ರ ಜುಲೈಯಲ್ಲಿ ಮಲೇಷ್ಯಾ ಏರ್‌ಲೈನ್ಸಿನ ಎಂಎಚ್ 17 ವಿಮಾನವನ್ನು ಪೂರ್ವ ಉಕ್ರೇನಿನ ಮೇಲೆ ಕ್ಷಿಪಣಿ ಹೊಡೆದು ಉರುಳಿಸಿತು. 298 ಸಾವು. ಯುದ್ಧ ನಡೆಯುವ ಜಾಗದ ಮೇಲೆ ಹಾರಬಹುದಿತ್ತೇ ಎಂದು ಕೇಳಬಹುದು. ಪೈಲಟ್‌ಗೆ ಹಾರಿಸಲು ಬರುತ್ತಿತ್ತೇ, ರಿಪೇರಿ ಸರಿ ಇತ್ತೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ.

2024ರ ಮೇಯಲ್ಲಿ ಲಂಡನ್‌ನಿಂದ ಹೊರಟ ಸಿಂಗಾಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಗಾಳಿಯ ಹೊಡೆತಕ್ಕೆ ಸಿಕ್ಕಿ ಜೋರಾಗಿ ಕುಲುಕಾಡಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ತುಂಬ ಮಂದಿಗೆ ಗಾಯವಾಯಿತು. ವಿಮಾನ ಇಡಿಯಾಗಿಯೇ ಬ್ಯಾಂಕಾಕಿನಲ್ಲಿ ಇಳಿಯಿತು. ಲೆಕ್ಕದಲ್ಲಿ ಇದೂ ಒಂದು "ಪ್ರಾಣಹಾನಿಯ ಅಪಘಾತ", ಬಜ್ಪೆಯದ್ದೂ ಒಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಏನು ಗೊತ್ತಾಗ್ತದೆ?

ಟಿಕೆಟಿನ ಮೇಲಿನ ಹೆಸರು ನಂಬಿಯೂ ಮೋಸ ಹೋಗಬಹುದು. 1991ರ ಜುಲೈ 11ರಂದು ಜಿದ್ದಾದಿಂದ ಹಾಜಿಗಳನ್ನು ಊರಿಗೆ ಕರೆದೊಯ್ಯುತ್ತಿದ್ದ ವಿಮಾನ ಬಿದ್ದು 261 ಮಂದಿ ಸತ್ತರು. ಹೆಸರು ನೈಜೀರಿಯಾ ಏರ್‌ವೇಸಿನದ್ದು. ವಿಮಾನವೂ ಸಿಬ್ಬಂದಿಯೂ ಕೆನಡಾದ ನೇಷನ್‌ಏರ್ ಎಂಬ ಬಾಡಿಗೆ ಕಂಪೆನಿಯದ್ದು. ಟಯರಿನಲ್ಲಿ ಗಾಳಿ ಕಡಿಮೆ ಇದೆ ಎಂದು ಮೆಕ್ಯಾನಿಕರಿಗೆ ಗೊತ್ತಿತ್ತು. ತಡ ಆಗಬಾರದು ಎಂದು ಹಾಗೆಯೇ ಹೊರಡಿಸಿದರು. ರನ್‌ವೇಯಲ್ಲಿ ಟಯರ್ ಒಡೆದು ಬೆಂಕಿ ಹತ್ತಿತು. ಉಮ್ರಾಕ್ಕೋ ಹಜ್ಜಿಗೋ ಚಾರ್ಟರ್ ವಿಮಾನದಲ್ಲಿ ಹೋಗುವವರು "ನಿಜವಾಗಿ ಹಾರಿಸುವುದು ಯಾರು?" ಅಂತ ಗ್ರೂಪಿನವರಲ್ಲಿ ಕೇಳಿದರೆ ತಪ್ಪಿಲ್ಲ. ಟಿಕೆಟಿನಲ್ಲಿ "ಆಪರೇಟೆಡ್ ಬೈ" ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು ಇದನ್ನೇ.

ಬಜ್ಪೆ ಮತ್ತು ಕೋಝಿಕ್ಕೋಡ್: ಹತ್ತು ವರ್ಷ, ಅದೇ ತಪ್ಪು

ಹಾಗಾದರೆ ದಾಖಲೆ ನೋಡುವುದೇ ಬೇಡವಾ? ಬೇಕು. ಆದರೆ ನೋಡಬೇಕಾದದ್ದು ಬೇರೆ. ನಮ್ಮದೇ ಎರಡು ಅಪಘಾತಗಳನ್ನು ಪಕ್ಕಪಕ್ಕ ಇಟ್ಟರೆ ಅದು ಗೊತ್ತಾಗ್ತದೆ.

2010ರಲ್ಲಿ ಬಜ್ಪೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ದುಬೈಯಿಂದ. ಕಾಕ್‌ಪಿಟ್ ರೆಕಾರ್ಡರಿನಲ್ಲಿ ಉಳಿದದ್ದು ಎರಡು ಗಂಟೆ ಐದು ನಿಮಿಷದ ಧ್ವನಿ. ಅದರಲ್ಲಿ ಒಂದು ಗಂಟೆ ನಲ್ವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು ಎಂದು ತನಿಖೆ ಹೇಳಿತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ಬೇಕಾದ್ದಕ್ಕಿಂತ ವೇಗದಲ್ಲಿ ಬಂತು. "ಗೋ ಅರೌಂಡ್" ಅಂದರೆ "ಇಳಿಸುವುದು ಬೇಡ, ಮತ್ತೆ ಮೇಲೆ ಹೋಗೋಣ" ಎಂದು ಜೊತೆ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಆಚೆಗೆ ಕಣಿವೆ.

2020ರ ಆಗಸ್ಟ್ 7ರಂದು ಕೋಝಿಕ್ಕೋಡ್. ಅದೇ ಏರ್‌ಲೈನಿನ 1344, ಇದೂ ದುಬೈಯಿಂದ. ಕೊರೋನಾದ ಕಾಲದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳುತ್ತಿದ್ದವರೂ ಅದರಲ್ಲಿದ್ದರು. ಜೋರು ಮಳೆ. ಮೊದಲ ಸಲ ಇಳಿಯದೆ ಮೇಲೆ ಹೋದರು. ಎರಡನೇ ಸಲ ಹಿಂದಿನಿಂದ ಗಾಳಿ ದೂಡುವ ದಿಕ್ಕಿನಲ್ಲಿ ಇಳಿಸಿದರು. 8,858 ಅಡಿಯ ರನ್‌ವೇಯಲ್ಲಿ ನೆಲ ಮುಟ್ಟಿದ್ದು ಸುಮಾರು 4,438 ಅಡಿ ಆದ ಮೇಲೆ, ಸರಿಯಾಗಿ ಅರ್ಧದಲ್ಲಿ. ಇಲ್ಲಿಯೂ ಜೊತೆ ಪೈಲಟ್ "ಗೋ ಅರೌಂಡ್" ಎಂದು ಹೇಳಿದ್ದರು. ಇಲ್ಲಿಯೂ ಕ್ಯಾಪ್ಟನ್ ಕೇಳಲಿಲ್ಲ. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು. ಮರುದಿನ ಬೆಳಗ್ಗೆ ಅದೇ ಕ್ಯಾಪ್ಟನ್ ಕೋಝಿಕ್ಕೋಡಿನಿಂದ ಇನ್ನೊಂದು ವಿಮಾನ ಹಾರಿಸಬೇಕಿತ್ತು. ಬೇರೆ ಊರಿಗೆ ಹೋಗದೆ ಅಲ್ಲೇ ಇಳಿಸುವ ಹಟಕ್ಕೆ ಅದೂ ಒಂದು ಕಾರಣ ಎಂದು ತನಿಖಾ ವರದಿ ಹೇಳಿತು. ಅಷ್ಟು ಬಿಗಿಯಾಗಿ ಡ್ಯೂಟಿ ಹಾಕಿದ್ದು ಕಂಪೆನಿ.

ಎರಡೂ ಕಡೆ ಗುಡ್ಡದ ನೆತ್ತಿ ಸಮತಟ್ಟು ಮಾಡಿ ಕಟ್ಟಿದ ಟೇಬಲ್ ಟಾಪ್ ರನ್‌ವೇ. ಕಣ್ಣೂರಿನದ್ದೂ ಅದೇ ಜಾತಿ. ಬೇರೆ ಊರಿನಲ್ಲಿ ರನ್‌ವೇ ದಾಟಿದರೆ ವಿಮಾನ ಗದ್ದೆಗೆ ನುಗ್ಗಿ ನಿಲ್ಲಬಹುದು, ಇಲ್ಲಿ ನೇರ ಕಣಿವೆಗೆ. ಏರ್‌ಪೋರ್ಟಿನ ರಚನೆಯೂ ಜೀವ ತೆಗೆಯಬಲ್ಲದು. ಬಜ್ಪೆಯಲ್ಲಿ ರನ್‌ವೇಯ ಆಚೆಗಿದ್ದ ಆಂಟೆನಾದ ಕಟ್ಟೋಣಕ್ಕೆ ರೆಕ್ಕೆ ಬಡಿದು ಆಮೇಲೆ ವಿಮಾನ ಕೆಳಗೆ ಬಿತ್ತು. ಹದಿನಾಲ್ಕು ವರ್ಷದ ನಂತರ ಮುವಾನ್‌ನಲ್ಲಿ ಜೆಜು ಏರ್ ವಿಮಾನ ಗುದ್ದಿದ್ದು ಕೂಡ ಅದೇ ತರದ ಆಂಟೆನಾ ನಿಲ್ಲಿಸಲು ಕಟ್ಟಿದ್ದ ಕಾಂಕ್ರೀಟ್ ದಿಣ್ಣೆಗೆ. ಇದಕ್ಕೆ ಯಾವ ಏರ್‌ಲೈನಿನ ಖಾತೆಯಲ್ಲೂ ಕಾಲಂ ಇಲ್ಲ.

ಒಂದು ಏರ್‌ಲೈನಿಗೆ ಹತ್ತು ವರ್ಷದಲ್ಲಿ ಎರಡು ಅಪಘಾತ ಎಂಬುದಕ್ಕಿಂತ, ಎರಡೂ ಒಂದೇ ತಪ್ಪಿನಿಂದ ಆದವು ಎಂಬುದು ದೊಡ್ಡ ಮಾತು. 158 ಜೀವ ಕೊಟ್ಟು ಕಲಿತ ಪಾಠವನ್ನು ಕಾಕ್‌ಪಿಟ್‌ನ ತನಕ ಮುಟ್ಟಿಸಲು ಹತ್ತು ವರ್ಷ ಸಾಲಲಿಲ್ಲ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: "ಆದ ತಪ್ಪು ಮತ್ತೆ ಆಗದಂತೆ ಏನು ಮಾಡಿದ್ದೀರಿ?"

ಕಲಿತವರೂ ಇದ್ದಾರೆ

ಹೀಗೆ ಕಲಿತು ಬದಲಾದ ಏರ್‌ಲೈನ್ ಉಂಟಾ ಅಂತ ಕೇಳಿದರೆ, ಉಂಟು. ಕೊರಿಯನ್ ಏರ್.

1997ರ ಆಗಸ್ಟ್ 6ರ ರಾತ್ರಿ ಮಳೆಯಲ್ಲಿ ಗುವಾಮ್ ದ್ವೀಪದಲ್ಲಿ ಇಳಿಯುತ್ತಿದ್ದ ಅವರ ವಿಮಾನ ರನ್‌ವೇಗೆ ಮುಂಚೆಯೇ ಗುಡ್ಡಕ್ಕೆ ಬಡಿಯಿತು. 228 ಸಾವು. ಕ್ಯಾಪ್ಟನ್ ತಪ್ಪು ಮಾಡುವಾಗ ಜೊತೆಯವರು ಸರಿಯಾಗಿ ತಡೆಯಲಿಲ್ಲ ಎಂಬುದೂ ತನಿಖೆಯಲ್ಲಿ ಬಂತು. 1999ರಲ್ಲಿ ಅವರ ಸರಕು ವಿಮಾನಗಳೂ ಬಿದ್ದವು. ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ಅವರ ಜೊತೆಗಿನ ಟಿಕೆಟ್ ಒಪ್ಪಂದವನ್ನೇ ನಿಲ್ಲಿಸಿತು.

ಆಗ ಕೊರಿಯನ್ ಏರ್ 2000ದಲ್ಲಿ ಅದೇ ಡೆಲ್ಟಾದಲ್ಲಿ ಕೆಲಸ ಮಾಡಿದ್ದ ಡೇವಿಡ್ ಗ್ರೀನ್‌ಬರ್ಗ್ ಎಂಬವರನ್ನು ಕರೆತಂದು ಹಾರಾಟದ ಹೊಣೆ ಕೊಟ್ಟಿತು. ತರಬೇತಿ ಬದಲಾಯಿತು. ಪೈಲಟ್‌ಗಳಿಗೆ ಇಂಗ್ಲಿಷ್ ಕಡ್ಡಾಯವಾಯಿತು. ಕಿರಿಯರು ಹಿರಿಯರಿಗೆ "ಸಾರ್, ಇದು ತಪ್ಪು" ಅಂತ ಬಾಯಿಬಿಟ್ಟು ಹೇಳುವುದನ್ನು ಕಲಿಸಿದರು. ಹಿರಿಯರ ಎದುರು ಮಾತಾಡಬಾರದು ಎಂದು ಬೆಳೆದ ನಮ್ಮಂಥವರಿಗೆ ಅದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿಂದೀಚೆಗೆ ಆ ಏರ್‌ಲೈನಿನ ಯಾವ ಅಪಘಾತದಲ್ಲೂ ಪ್ರಯಾಣಿಕರ ಪ್ರಾಣ ಹೋಗಿಲ್ಲ. ಹಳೆಯ ಅಪಘಾತಗಳನ್ನು ಎಣಿಸುತ್ತಾ ಕೂತವರಿಗೆ ಈ ಬದಲಾವಣೆ ಕಾಣಿಸುವುದಿಲ್ಲ.

ಈ ಪಾಠದ ಮೂಲ ಇನ್ನೂ ಹಿಂದೆ ಉಂಟು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಮಂದಿ ಸತ್ತರು. ಇಂದಿಗೂ ವಿಮಾನ ಅಪಘಾತಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಅನುಮತಿ ಸಿಗುವ ಮೊದಲೇ ವಿಮಾನ ಓಡಿಸಿದ್ದು ಕೆಎಲ್‌ಎಂನ ಅತ್ಯಂತ ಹಿರಿಯ ಕ್ಯಾಪ್ಟನ್‌ಗಳಲ್ಲಿ ಒಬ್ಬರು. ಜೊತೆಯಲ್ಲಿದ್ದವರಿಗೆ ಅನುಮಾನ ಬಂದಿತ್ತು, ಗಟ್ಟಿಯಾಗಿ ತಡೆಯಲಾಗಲಿಲ್ಲ. ಆಮೇಲೆ ಕಾಕ್‌ಪಿಟ್‌ನಲ್ಲಿ ಒಬ್ಬರ ಮಾತನ್ನೊಬ್ಬರು ಕೇಳುವುದು ಎಲ್ಲ ಕಡೆ ತರಬೇತಿಯ ಪಾಠವಾಯಿತು.

ಹಾಗಾದರೆ ನಾವು ನೋಡಬೇಕಾದದ್ದೇನು?

ಟಿಕೆಟ್ ಮಾಡುವ ಮೊದಲು ಇಷ್ಟನ್ನು ನೋಡಬಹುದು. ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ, ಮೊಬೈಲಿನಲ್ಲೇ ಸಿಗ್ತದೆ.

ಒಂದು, ಐಒಎಸ್‌ಎ. ಇದು ಐಎಟಿಎ 2003ರಿಂದ ನಡೆಸುವ ಸುರಕ್ಷತಾ ಆಡಿಟ್. ಪಾಸಾದವರು ಒಂದು ಸಲಕ್ಕೆ ಸುಮ್ಮನಿರುವಂತಿಲ್ಲ, ಕಾಲಕಾಲಕ್ಕೆ ಮತ್ತೆ ಪರೀಕ್ಷೆ ಉಂಟು. ನೋಂದಣಿ ಪಟ್ಟಿ ಎಲ್ಲರಿಗೂ ತೆರೆದಿದೆ. ಈ ಪಟ್ಟಿಯಲ್ಲಿರುವವರ ಅಪಘಾತದ ಪ್ರಮಾಣ ಇಲ್ಲದವರಿಗಿಂತ ಒಟ್ಟಾರೆ ಕಡಿಮೆ.

ಎರಡು, ಯುರೋಪಿನ ನಿಷೇಧ ಪಟ್ಟಿ. ಸುರಕ್ಷತೆ ಸಾಲದು ಎನಿಸಿದ ಏರ್‌ಲೈನ್‌ಗಳನ್ನು ಯುರೋಪಿಯನ್ ಒಕ್ಕೂಟ 2006ರಿಂದ ಹೆಸರು ಹಾಕಿ ಪ್ರಕಟಿಸುತ್ತಿದೆ. 2013ರಲ್ಲಿ ನೇಪಾಳದ ಎಲ್ಲ ಏರ್‌ಲೈನ್‌ಗಳನ್ನೂ ಅದಕ್ಕೆ ಸೇರಿಸಿತು. ಯುರೋಪಿಗೆ ಹೋಗದವರಿಗೂ ಈ ಪಟ್ಟಿ ಉಪಯೋಗದ್ದೇ.

ಮೂರು, ದೇಶದ ಉಸ್ತುವಾರಿ. ಏರ್‌ಲೈನ್ ಎಷ್ಟೇ ಒಳ್ಳೆಯದಾದರೂ ಮೇಲೆ ನಿಂತು ನೋಡುವವರು ಗಟ್ಟಿ ಇರಬೇಕು. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ನಮ್ಮ ಡಿಜಿಸಿಎಯ ಉಸ್ತುವಾರಿ ಸಾಲದು ಎಂದು ಭಾರತವನ್ನು ಎರಡನೇ ದರ್ಜೆಗೆ ಇಳಿಸಿತ್ತು. 2015ರ ಏಪ್ರಿಲ್‌ನಲ್ಲಿ ಮೊದಲ ದರ್ಜೆ ಮರಳಿ ಬಂತು.

ನಾಲ್ಕು, ತನಿಖಾ ವರದಿ. ಬಜ್ಪೆಯದ್ದೂ ಕೋಝಿಕ್ಕೋಡಿನದ್ದೂ ಪ್ರಕಟವಾಗಿವೆ. ಇಂಗ್ಲಿಷ್ ಓದಬಲ್ಲ ನಮ್ಮ ಹುಡುಗರು, ಹುಡುಗಿಯರು ಅದರ ಕೊನೆಯ ಶಿಫಾರಸುಗಳ ಭಾಗವನ್ನಾದರೂ ಓದಬೇಕು. ನಮ್ಮ ಎಂಎಲ್‌ಎ, ಎಂಪಿಗಳಲ್ಲಿ "ಇದರಲ್ಲಿ ಎಷ್ಟು ಜಾರಿಯಾಗಿದೆ?" ಅಂತ ಕೇಳುವ ಹಕ್ಕು ನಮಗುಂಟು.

ಟಿಕೆಟ್ ದರವನ್ನು ಮಾತ್ರ ಅಳತೆಗೋಲು ಮಾಡಬೇಡಿ. ಅಗ್ಗದ ವಿಮಾನ ಎಂದರೆ ಅಪಾಯದ ವಿಮಾನ ಅಲ್ಲ. ಊಟ ಕೊಡುವುದಿಲ್ಲ, ಲಗೇಜಿಗೆ ದುಡ್ಡು ಕೇಳ್ತಾರೆ. ಆದರೆ ಎಂಜಿನ್ ತಪಾಸಣೆಗೆ, ಪೈಲಟ್ ಲೈಸನ್ಸಿಗೆ ಎಲ್ಲರಿಗೂ ಒಂದೇ ಕಾನೂನು. ಯುರೋಪಿನ ರಯಾನ್‌ಏರ್, ನಮ್ಮ ಇಂಡಿಗೋ ಎರಡೂ ಅಗ್ಗದ ಟಿಕೆಟಿನಿಂದಲೇ ಬೆಳೆದವು. ಎರಡಕ್ಕೂ ವಿಮಾನ ಬಿದ್ದು ಪ್ರಯಾಣಿಕರು ಸತ್ತ ದಾಖಲೆ ಇಲ್ಲ. ಅವು ವರ್ಷಕ್ಕೆ ಹಾರುವುದು ಲಕ್ಷಗಟ್ಟಲೆ ಸಲ. ಹಾಗಾಗಿ ಅಲ್ಲಿ ಸೊನ್ನೆಗೆ ಸ್ವಲ್ಪ ಬೆಲೆ ಉಂಟು.

ಇವೆಲ್ಲ ಸರಿ ಇರುವ ಎರಡು ಏರ್‌ಲೈನ್‌ಗಳ ನಡುವಿನ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಅದಕ್ಕಾಗಿ ಹತ್ತು ಸಾವಿರ ರೂಪಾಯಿ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಸಮಯ, ದರ, ನೇರ ವಿಮಾನ ನೋಡಿ ಆರಿಸಿಕೊಳ್ಳಿ.

ಸೀಟಿನಲ್ಲಿ ಕೂತ ಮೇಲೆ

2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈ ರನ್‌ವೇಗೆ ಬಡಿದು ಹೊತ್ತಿ ಉರಿಯಿತು. ಒಳಗಿದ್ದ 300 ಮಂದಿಯೂ ಪಾರಾದರು. ಬೆಂಕಿ ಆರಿಸಲು ಬಂದ ಒಬ್ಬ ಸಿಬ್ಬಂದಿ ಪ್ರಾಣ ಕೊಟ್ಟರು. ಆಗ ಒಳಗಿನಿಂದ ತೆಗೆದ ವಿಡಿಯೋದಲ್ಲಿ ಹೊಗೆ ತುಂಬುವಾಗಲೂ ಮೇಲಿನಿಂದ ಬ್ಯಾಗ್ ಇಳಿಸುತ್ತಿದ್ದವರನ್ನು ಜಗತ್ತೇ ನೋಡಿತು. 2024ರ ಜನವರಿ 2ರಂದು ಟೋಕಿಯೋದ ಹನೇಡದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಬಿದ್ದಾಗ ಒಳಗಿದ್ದ 379 ಮಂದಿ ಬ್ಯಾಗು ಬಿಟ್ಟು ಇಳಿದರು. ಎಲ್ಲರೂ ಉಳಿದರು.

ಮೂರು ವರ್ಷದ ಸಂಪಾದನೆ, ಮಕ್ಕಳಿಗೆ ತಂದ ಸಾಮಾನು ಆ ಬ್ಯಾಗಿನಲ್ಲಿರಬಹುದು, ಗೊತ್ತು. ಆದರೂ ಬಿಡಬೇಕು. ನೀವು ಬ್ಯಾಗಿಗೆ ಕೈ ಹಾಕಿದ ಹತ್ತು ಸೆಕೆಂಡು ಹಿಂದಿನ ಸೀಟಿನವರ ಜೀವದ್ದು. ಪಾಸ್‌ಪೋರ್ಟ್ ಅಂಗಿಯ ಜೇಬಿನಲ್ಲೋ ಸೊಂಟದ ಪೌಚಿನಲ್ಲೋ ಇರಲಿ. ಬೆಲ್ಟ್ ಲೈಟ್ ಆರಿದರೂ ಕೂತಿರುವಾಗ ಬೆಲ್ಟ್ ಹಾಕಿಯೇ ಇರಿ. ಹಿಂದೆ ಮುಂದೆ ಬಾಗಿಲು ಎಷ್ಟು ಸಾಲು ದೂರ ಅಂತ ಒಮ್ಮೆ ಎಣಿಸಿ ಇಟ್ಟುಕೊಳ್ಳಿ. ಏರ್‌ಪೋರ್ಟಿಗೆ ಕಾರು ಬಿಡುವವರು ನಿದ್ದೆ ಮಾಡಿರಲಿ, ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ.

ಮೇಲೆ ಹೋದ ಪೈಲಟ್‌ಗೆ ಬೈಯಬೇಡಿ

ಸರಿಯಾಗಿ ಹೊಂದಿಕೆಯಾಗದೆ ಬಂದ ವಿಮಾನಗಳಲ್ಲಿ ನಿಯಮದಂತೆ ಗೋ ಅರೌಂಡ್ ಮಾಡುವವು ನೂರಕ್ಕೆ ಸುಮಾರು 3 ಮಾತ್ರ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಕಂಡುಕೊಂಡಿದೆ. ಉಳಿದ 97 ಹಾಗೆಯೇ ಇಳಿಯುತ್ತವೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ, ಅದೇ ಅಭ್ಯಾಸವಾಗ್ತದೆ. ಗೋ ಅರೌಂಡ್ ಕೂಡ ಸುಲಭದ ಕೆಲಸ ಅಲ್ಲ. 2016ರಲ್ಲಿ ರಷ್ಯಾದ ರೋಸ್ತೋವ್‌ನಲ್ಲಿ ಫ್ಲೈದುಬೈ ವಿಮಾನ ಹಾಗೆ ಮೇಲೆ ಹೋಗುವಾಗಲೇ ಬಿದ್ದು 62 ಮಂದಿ ಸತ್ತರು. ಅದಕ್ಕೇ ಪೈಲಟ್‌ಗಳಿಗೆ ಅದರ ತರಬೇತಿ ಮತ್ತೆ ಮತ್ತೆ ಬೇಕು, ಮೇಲೆ ಹೋದದ್ದಕ್ಕೆ ಕಂಪೆನಿಯವರು ಬೈಯದೆ ಇರಬೇಕು.

ಪ್ರಯಾಣಿಕರೂ ಬೈಯಬಾರದು. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಇಳಿಯಬೇಕಾದ ವಿಮಾನ ಎರಡು ಸುತ್ತು ಹಾಕಿ ಬೆಂಗಳೂರಿಗೋ ಕೊಚ್ಚಿಗೋ ಹೋಗುವುದುಂಟು. ಹೊರಗೆ ಮನೆಯವರು ಹೂ ಹಿಡಿದು ಕಾಯ್ತಿರ್ತಾರೆ. ಒಳಗೆ ಪುಟ್ಟ ಮಕ್ಕಳು ಅಳ್ತಿರ್ತಾರೆ. ಸಿಟ್ಟು ಬರುವುದು ಸಹಜ. ಮೊಬೈಲ್ ತೆಗೆದು "ಇವರಿಗೆ ಇಳಿಸಲಿಕ್ಕೂ ಬರುವುದಿಲ್ಲ" ಎಂದು ಗ್ರೂಪಿಗೆ ಹಾಕುವ ಮೊದಲು ಒಂದು ಗಳಿಗೆ ನಿಲ್ಲಿ. ಅವತ್ತು ಬಜ್ಪೆಯಲ್ಲಿ ಜೊತೆ ಪೈಲಟ್ ಮೂರು ಸಲ ಬೇಡಿಕೊಂಡದ್ದು ಇದನ್ನೇ. ಇವತ್ತು ನಿಮ್ಮ ಕ್ಯಾಪ್ಟನ್ ಅದನ್ನು ಮಾಡಿದ್ದಾರೆ. ಯಾವ ಪಟ್ಟಿಯಲ್ಲೂ ಇದು ದಾಖಲಾಗುವುದಿಲ್ಲ. ಒಳ್ಳೆಯ ಏರ್‌ಲೈನಿನ ಗುರುತು ಇದೇ. ಎರಡು ಗಂಟೆ ತಡವಾಗಿ ಮನೆಗೆ ಹೋದರೂ ಮನೆಗೇ ಹೋಗ್ತೀರಿ.